ಸ್ವಿಚ್ ಯಾರ ಕೈಲಿದೆ ಸ್ವಾಮಿ?

ವರ್ಷಕ್ಕೆ ಒಂದೆರಡು ಸಲವಾದರೂ ಈ ಸುದ್ದಿ ಬಂದೇ ಬರುತ್ತೆ. ಪದಗಳು ಬೇರೆ ಬೇರೆ, ಹೂರಣ ಒಂದೇ. ಬೆಳಕೇ ಇಲ್ಲದೆ ಕ್ಯಾನ್ಸರ್ ಕೊಲ್ಲುವ ಅಣು ಸಿಕ್ಕಿದೆಯಂತೆ. ಗಡ್ಡೆ ದೇಹದ ಎಷ್ಟೇ ಆಳದಲ್ಲಿರಲಿ, ಅಲ್ಲಿಗೇ ಹೋಗಿ, ತಾನೇ ದೀಪ ಹಚ್ಚಿಕೊಂಡು, ಕ್ಯಾನ್ಸರ್ ಕೋಶಗಳನ್ನಷ್ಟೇ ಸುಟ್ಟುಹಾಕುತ್ತಂತೆ. ಜೊತೆಗೊಂದು ಚಿತ್ರ: ಕಡುನೀಲಿ ಹಿನ್ನೆಲೆ, ನಡುವೆ ಹೊಳೆಯುವ ಗುಲಾಬಿ ಚೆಂಡು. ಬೆಳಗ್ಗೆ ಲ್ಯಾಬಿನ ಪತ್ರಿಕಾ ಪ್ರಕಟಣೆ, ಮಧ್ಯಾಹ್ನ ವೆಬ್‌ಸೈಟಿನ ತಲೆಬರಹ, ರಾತ್ರಿ ಹೊತ್ತಿಗೆ ಫ್ಯಾಮಿಲಿ ಗ್ರೂಪಿನ ಫಾರ್ವರ್ಡು. ಮಾರನೇ ದಿನ ಊರಿಂದ ಫೋನು: "ನೀನು ಓದ್ದೋನಲ್ವೇನೋ, ಇದೇನೋ ಹೊಸದು ಬಂದಿದೆಯಂತೆ, ಮಾವನಿಗೆ ಆಗುತ್ತಾ ನೋಡು."

ಆ ಫೋನು ಎತ್ತಿದವರಿಗೆ ಗೊತ್ತು, ಅದಕ್ಕೆ ಉತ್ತರ ಕೊಡೋದು ಎಷ್ಟು ಕಷ್ಟ ಅಂತ. "ಅದು ಇನ್ನೂ ಇಲಿ ಮೇಲಿನ ಪ್ರಯೋಗ ಅತ್ತೆ" ಅಂತ ಹೇಳೋಕೆ ನಾಲಿಗೆ ಹೊರಳಲ್ಲ. ತಲೆಬರಹ ಬರೆದವನು ಆ ಹೊತ್ತಿಗೆ ಮುಂದಿನ ಸುದ್ದಿಗೆ ಹೋಗಿರ್ತಾನೆ. ಆಸೆ ಹುಟ್ಟಿಸಿದವನು ಒಬ್ಬ, ಅದನ್ನು ಮುರಿಯಬೇಕಾದವರು ನೀವು.

ಇಲ್ಲೇ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ನನ್ನ ಜಗಳ ರಸಾಯನಶಾಸ್ತ್ರಜ್ಞರ ಜೊತೆಗಲ್ಲ. ಅವರು ಮಾಡಿರೋದು ನಿಜಕ್ಕೂ ಸೊಗಸಾದ ಕೆಲಸ. ಜಗಳ ಇರೋದು ಆ ಸುದ್ದಿ ನುಂಗಿಹಾಕುವ ಮೂರು ಪ್ರಶ್ನೆಗಳ ಬಗ್ಗೆ. ಎಷ್ಟು ಬೆಳಕು? ಸ್ವಿಚ್ ಯಾರ ಕೈಲಿ? ಮೂರನೆಯದು ನಮ್ಮ ದೇಶಕ್ಕೇ ಕೇಳಬೇಕಾದದ್ದು: ಬರೀ ಟಾರ್ಚಿನ ಬೆಳಕು ತಲುಪುವ ಜಾಗದಲ್ಲಿ ಹುಟ್ಟುವ ಕ್ಯಾನ್ಸರಿಗೆ ನಾವು ಮಾಡಿದ್ದೇನು?

ಮೊದಲು ಮೂಲ ಕತೆ, ಚಿಕ್ಕದಾಗಿ. 1898ರ ಹೊತ್ತಿಗೆ ಮ್ಯೂನಿಕ್‌ನಲ್ಲಿ ಓಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳಿಗೆ ಅಕ್ರಿಡಿನ್ ಬಣ್ಣ ಹಾಕಿ ನೋಡ್ತಿದ್ದ. ಡೋಸು ಅಷ್ಟೇ, ಆದರೂ ಒಂದು ದಿನ ಬೇಗ ಸಾಯ್ತಿದ್ದವು, ಇನ್ನೊಂದು ದಿನ ತಡವಾಗಿ. ವ್ಯತ್ಯಾಸ ಬಣ್ಣದ್ದಲ್ಲ, ಕೋಣೆಗೆ ಬೀಳುತ್ತಿದ್ದ ಬೆಳಕಿನದು ಅಂತ ಆಮೇಲೆ ಗೊತ್ತಾಯ್ತು. ಅವನ ಗುರು ಹರ್ಮನ್ ಫಾನ್ ಟಾಪೈನರ್ 1903ರಲ್ಲಿ ಇಯೋಸಿನ್ ಬಣ್ಣ ಹಚ್ಚಿ, ಮೇಲೆ ಬೆಳಕು ಬಿಟ್ಟು, ಚರ್ಮದ ಕ್ಯಾನ್ಸರಿಗೆ ಚಿಕಿತ್ಸೆ ಕೊಟ್ಟು ನೋಡಿದರು. ಫೋಟೊಡೈನಮಿಕ್ ಎಂಬ ಹೆಸರೂ ಅವರದೇ. 1913ರಲ್ಲಿ ಫ್ರೆಡ್ರಿಕ್ ಮೇಯರ್-ಬೆಟ್ಸ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯ, 200 ಮಿಲಿಗ್ರಾಂ ಹೆಮಟೊಪಾರ್ಫಿರಿನ್ ತನಗೇ ಚುಚ್ಚಿಕೊಂಡದ್ದನ್ನು ವರದಿ ಮಾಡಿದ. ಬಿಸಿಲಿಗೆ ಹೋದದ್ದೇ ತಡ, ಮುಖ ಗುರುತು ಸಿಗದಷ್ಟು ಊದಿಕೊಂಡಿತು. ಎರಡು ತಿಂಗಳಾದರೂ ಆ ತೊಂದರೆ ಪೂರ್ತಿ ಹೋಗಲಿಲ್ಲ.

ಹೀಗೆ ಹುಟ್ಟಿದ್ದು ಫೋಟೊಡೈನಮಿಕ್ ಥೆರಪಿ. ಅದಕ್ಕೆ ಮೂರೇ ಸಾಮಗ್ರಿ. ಒಂದು, ಫೋಟೊಸೆನ್ಸಿಟೈಸರ್, ಅಂದರೆ ಕತ್ತಲಲ್ಲಿ ಸುಮ್ಮನಿದ್ದು, ಬೆಳಕು ಬಿದ್ದಾಗ ಮಾತ್ರ ಎಚ್ಚರವಾಗುವ ಔಷಧಿ. ಎರಡು, ಸರಿಯಾದ ಬಣ್ಣದ ಬೆಳಕು. ಮೂರು, ಆಮ್ಲಜನಕ. ಬೆಳಕಿನ ಶಕ್ತಿಯನ್ನು ಔಷಧಿ ಹೀರಿಕೊಂಡು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತೆ. ಆ ಆಮ್ಲಜನಕ ಕೆರಳಿ, ಸಿಕ್ಕಿದ್ದನ್ನೆಲ್ಲ ಸುಡುತ್ತೆ. ಆದರೆ ಅದರ ಆಯಸ್ಸು ಎಷ್ಟು ಕಮ್ಮಿ ಅಂದರೆ, ಹುಟ್ಟಿದ ಜಾಗದಿಂದ ಒಂದು ಜೀವಕೋಶದ ಅಗಲದಷ್ಟೂ ದೂರ ಹೋಗಲಾರದು. ಈ ಚಿಕಿತ್ಸೆಯ ಚಂದ ಇರೋದು ಇಲ್ಲೇ. ಔಷಧಿ ಮೈತುಂಬ ಹರಡಿದ್ದರೂ, ಸಾಯೋದು ಬೆಳಕು ಬಿದ್ದ ಕಡೆ ಮಾತ್ರ.

ಇದು ಬರೀ ಕನಸಲ್ಲ, ಚಾಲ್ತಿಯಲ್ಲಿರುವ ಚಿಕಿತ್ಸೆ. ಅಮೆರಿಕದ ಬಫಲೋ ನಗರದ ಥಾಮಸ್ ಡೊಹರ್ಟಿ 1970ರ ದಶಕದಿಂದ ಪಟ್ಟುಹಿಡಿದು ಬೆಳೆಸಿದ ಫೋಟೊಫ್ರಿನ್ ಎಂಬ ಔಷಧಿಗೆ 1993ರಲ್ಲಿ ಕೆನಡಾ ಒಪ್ಪಿಗೆ ಕೊಟ್ಟಿತು, 1995ರಲ್ಲಿ ಅಮೆರಿಕ. ಅನ್ನನಾಳದ ಕ್ಯಾನ್ಸರಿನಿಂದ ಊಟ ನುಂಗಲಾರದವರಿಗೆ ಗಂಟಲಲ್ಲಿ ಫೈಬರ್ ಇಳಿಸಿ, ಕೆಂಪು ಲೇಸರ್ ಬಿಟ್ಟು, ದಾರಿ ತೆರೆಯುತ್ತಾರೆ. ಬೆಲೆಯೂ ಇದೆ: ಕನಿಷ್ಠ 30 ದಿನ ಬಿಸಿಲಿಗೆ ಮುಖ ಒಡ್ಡುವಂತಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಕರೆಂಟ್ ಹೋದಾಗ ಫೋನಿನ ಟಾರ್ಚನ್ನು ಅಂಗೈಗೆ ಒತ್ತಿಹಿಡಿದು ನೋಡಿ. ಕೈ ಕೆಂಪಗೆ ಹೊಳೆಯುತ್ತೆ. ಬಿಳಿ ಬೆಳಕಿನ ನೀಲಿ, ಹಸಿರು ಎಲ್ಲ ಒಳಗೇ ರಕ್ತದ ಪಾಲಾಗಿ, ಕೆಂಪು ಮಾತ್ರ ಆಚೆ ಬರುತ್ತೆ. ಆ ಕೆಂಪಿಗೂ ಮಿತಿ ಇದೆ. ಮಾಂಸದೊಳಗೆ ಕೆಲಸಕ್ಕೆ ಬರುವಷ್ಟು ಬೆಳಕು ಹೋಗೋದು ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಆಸುಪಾಸು. ಚರ್ಮ, ಬಾಯಿ, ಗಂಟಲು, ಮೂತ್ರಕೋಶದ ಒಳಪದರ, ಇವು ಸಿಗುತ್ತವೆ. ಲಿವರಿನ ಮಧ್ಯೆ ಕೂತ ಗಡ್ಡೆ, ಎಲ್ಲೆಲ್ಲೋ ಚೆದುರಿಹೋದ ಕ್ಯಾನ್ಸರು ಸಿಗಲ್ಲ.

ಇಲ್ಲಿ ಬರ್ತಾರೆ ರಸಾಯನಶಾಸ್ತ್ರಜ್ಞರು. ಹೊರಗಿನ ಬೆಳಕು ಒಳಗೆ ಹೋಗಲ್ಲವಾ? ಹಾಗಾದರೆ ದೀಪವನ್ನೇ ಒಳಗಿಡೋಣ ಅಂತಾರೆ. ದಾರಿ ಮುಖ್ಯವಾಗಿ ಮೂರು.

ಮೊದಲನೆಯದು ಮಿಂಚುಹುಳುವಿನ ದಾರಿ. ಹೊಸ ವರ್ಷದ ಪಾರ್ಟಿಯಲ್ಲಿ ಬಗ್ಗಿಸಿದ ತಕ್ಷಣ ಹೊಳೆಯುವ ಕಡ್ಡಿ ನೋಡಿದ್ದೀರಲ್ಲ, ಅದರೊಳಗೆ ಬ್ಯಾಟರಿ ಇಲ್ಲ. ಗಾಜಿನ ಸಣ್ಣ ನಳಿಕೆ ಒಡೆದು, ಹೈಡ್ರೋಜನ್ ಪೆರಾಕ್ಸೈಡ್ ಇನ್ನೊಂದು ರಾಸಾಯನಿಕದ ಜೊತೆ ಬೆರೆತು, ಹುಟ್ಟಿದ ಶಕ್ತಿ ಬಣ್ಣದ ಅಣುವನ್ನು ಹೊಳೆಯಿಸುತ್ತೆ. ಕ್ರೈಂ ಸೀರಿಯಲ್ಲಿನಲ್ಲಿ ರಕ್ತದ ಕಲೆ ನೀಲಿಯಾಗಿ ಹೊಳೆಯೋದು ಲುಮಿನಾಲ್‌ನಿಂದ. ಅದೂ ಇದೇ ಜಾತಿ. ಈ ಬೆಳಕು ಹುಟ್ಟುವ ಜಾಗದ ಪಕ್ಕದಲ್ಲೇ ಫೋಟೊಸೆನ್ಸಿಟೈಸರ್ ಇಟ್ಟರೆ? 1994ರಲ್ಲಿ ಅಮೆರಿಕದ ಅಯೋವಾದ ತಂಡ ಮಿಂಚುಹುಳುವಿನ ರಸಾಯನದಿಂದ ಹೈಪರಿಸಿನ್ ಎಂಬ ಫೋಟೊಸೆನ್ಸಿಟೈಸರನ್ನು ಎಚ್ಚರಿಸಿ, ವೈರಸ್ ವಿರುದ್ಧ ಅದು ಕೆಲಸ ಮಾಡೋದನ್ನು ತೋರಿಸಿತು. ಅದನ್ನು ಅವರು ಕರೆದದ್ದು ಅಣುಗಾತ್ರದ ಟಾರ್ಚ್ ಅಂತ. 2003ರಲ್ಲಿ ಇನ್ನೊಂದು ತಂಡ ಮಿಂಚುಹುಳುವಿನ ಜೀನ್ ಸೇರಿಸಿದ ಇಲಿಯ ಕೋಶಗಳಲ್ಲಿ ರೋಸ್ ಬೆಂಗಾಲ್ ಎಂಬ ಬಣ್ಣವನ್ನು ಇದೇ ರೀತಿ ಎಚ್ಚರಿಸಿ, ಕೋಶಗಳನ್ನು ಕೊಂದಿತು.

ಎರಡನೆಯ ದಾರಿಯಲ್ಲಿ ಬೆಳಕೂ ಬೇಡ. ರಾಸಾಯನಿಕ ಕ್ರಿಯೆಯಲ್ಲಿ ಕೆರಳಿದ ಅಣು ಬೆಳಕು ಚೆಲ್ಲುವ ಮುಂಚೆಯೇ ಪಕ್ಕದ ಅಣುವಿಗೆ ಶಕ್ತಿಯನ್ನು ನೇರವಾಗಿ ಕೈ ದಾಟಿಸುತ್ತೆ. ಬ್ರೆಜಿಲ್‌ನ ಜುಸೆಪೆ ಚಿಲೆಂಟೊ 1970ರ ದಶಕದಿಂದಲೇ ಕತ್ತಲಲ್ಲಿ ನಡೆಯುವ ಈ ಬೆಳಕಿನ ರಸಾಯನದ ಬಗ್ಗೆ ಹೇಳ್ತಾ ಬಂದರು. ಇದು ಬರೀ ಲ್ಯಾಬಿನ ಚಮತ್ಕಾರವೂ ಅಲ್ಲ. 2015ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡಗ್ಲಸ್ ಬ್ರ್ಯಾಷ್ ತಂಡ ತೋರಿಸಿದ್ದು ಇದನ್ನೇ: ನೇರಳಾತೀತ ಕಿರಣ ಬಿದ್ದು ನಿಂತ ಮೂರು ಗಂಟೆಗಳ ನಂತರವೂ, ಮೆಲನಿನ್ ಇರುವ ಕೋಶಗಳಲ್ಲಿ ಇದೇ ಬಗೆಯ ಕ್ರಿಯೆಯಿಂದ ಡಿಎನ್ಎಗೆ ಪೆಟ್ಟು ಬೀಳ್ತಾನೇ ಇರುತ್ತೆ, ಕಗ್ಗತ್ತಲಲ್ಲಿ. ಪ್ರಕೃತಿ ನಮ್ಮ ಮೇಲೆ ಬಳಸುವ ಉಪಾಯವನ್ನೇ ತಿರುಗಿಸಿ ಕ್ಯಾನ್ಸರ್ ಮೇಲೆ ಬಳಸೋಣ ಅನ್ನೋದು ಆಸೆ.

ಮೂರನೆಯದು ಬೀಗದ ದಾರಿ. ಇಲ್ಲಿ ದೀಪ ಹೊರಗೇ ಇರುತ್ತೆ, ಆದರೆ ಔಷಧಿಗೆ ಬೀಗ ಹಾಕಿ ಕಳಿಸ್ತಾರೆ. 2007ರಲ್ಲಿ ಟೊರಾಂಟೊದ ಗ್ಯಾಂಗ್ ಜೆಂಗ್ ತಂಡ ಫೋಟೊಸೆನ್ಸಿಟೈಸರ್ ಪಕ್ಕಕ್ಕೆ ಅದರ ಶಕ್ತಿ ಹೀರಿ ಸುಮ್ಮನಾಗಿಸುವ ಇನ್ನೊಂದು ಅಣುವನ್ನು ಪೆಪ್ಟೈಡ್ ದಾರದಲ್ಲಿ ಕಟ್ಟಿತು. ಕೆಲವು ಗಡ್ಡೆಗಳಲ್ಲಿ ಹೆಚ್ಚಿರುವ ಕಿಣ್ವವೊಂದು ಆ ದಾರವನ್ನು ಕತ್ತರಿಸಿದ ಮೇಲಷ್ಟೇ ಔಷಧಿ ಬೆಳಕಿಗೆ ಓಗೊಡುತ್ತೆ. ಇದಕ್ಕೂ ಸರಳವಾದ ಬೀಗ ಈಗಾಗಲೇ ಆಸ್ಪತ್ರೆ ಸೇರಿದೆ: 5-ಎಎಲ್ಎ. ಇದು ನಮ್ಮ ದೇಹವೇ ರಕ್ತದ ಹೀಮ್ ಮಾಡೋಕೆ ಬಳಸುವ ಕಚ್ಚಾವಸ್ತು. ಕುಡಿಸಿದರೆ, ಗಡ್ಡೆಯ ಕೋಶಗಳು ಅದರಿಂದ ತಾವೇ ಫೋಟೊಸೆನ್ಸಿಟೈಸರ್ ತಯಾರಿಸಿಕೊಂಡು ತುಂಬಿಕೊಳ್ಳುತ್ತವೆ. ಮೆದುಳಿನ ಗ್ಲಯೋಮಾ ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಕೊಟ್ಟು ನೀಲಿ ಬೆಳಕು ಹಾಯಿಸಿದಾಗ ಗಡ್ಡೆ ಕೆಂಪಗೆ ಹೊಳೆಯುತ್ತೆ. ಸರ್ಜನ್ ನೋಡಿಕೊಂಡು ಕತ್ತರಿಸ್ತಾರೆ. ಇದರಿಂದ ಕೊಲ್ಲುವ ಕೆಲಸ ಅಲ್ಲಿ ನಡೆಯಲ್ಲ, ತೋರಿಸುವ ಕೆಲಸ ನಡೆಯುತ್ತೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ, ಕಾಣುವ ಗಡ್ಡೆ ಪೂರ್ತಿ ತೆಗೆಯಲು ಸಾಧ್ಯವಾದದ್ದು ಈ ಹೊಳಪಿನ ಸಹಾಯದಿಂದ ನೂರಕ್ಕೆ 65 ಮಂದಿಯಲ್ಲಿ, ಅದಿಲ್ಲದೆ 36 ಮಂದಿಯಲ್ಲಿ.

ಗಮನಿಸಿ, ರೋಗಿಯ ಹಾಸಿಗೆವರೆಗೆ ಬಂದದ್ದು ಬೀಗ. ಸುದ್ದಿಯಾಗೋದು ಮಾತ್ರ ದೀಪ. ಯಾಕೆ ಅಂತ ನೋಡೋಣ.

ಮೊದಲ ಪ್ರಶ್ನೆ: ಎಷ್ಟು ಬೆಳಕು? ನೀವು ಎಕ್ಸೆಲ್ ಶೀಟಿನಲ್ಲೇ ಬದುಕುವ ಜನ, ಒಂದು ಲೆಕ್ಕ ಮಾಡಿಬಿಡೋಣ. ಈ ಚಿಕಿತ್ಸೆಯಲ್ಲಿ ಚದರ ಸೆಂಟಿಮೀಟರಿಗೆ 100 ಜೂಲ್ ಕೆಂಪು ಬೆಳಕು ಅನ್ನೋದು ಸಾಮಾನ್ಯ ಅಳತೆ. 630 ನ್ಯಾನೊಮೀಟರಿನ ಫೋಟಾನುಗಳಲ್ಲಿ ಎಣಿಸಿದರೆ ಅದು ಸುಮಾರು ಅರ್ಧ ಮಿಲಿಮೋಲ್. ರಾಸಾಯನಿಕ ದೀಪದಲ್ಲಿ ಒಂದು ಅಣು ಉರಿದರೆ ಹೆಚ್ಚೆಂದರೆ ಒಂದು ಫೋಟಾನು. ನೀರಿನಲ್ಲಿ ಲುಮಿನಾಲ್ ಅಷ್ಟೂ ಕೊಡಲ್ಲ; ನೂರು ಅಣು ಉರಿದರೆ ಒಂದು ಫೋಟಾನಿನ ಲೆಕ್ಕ. ಅಂದರೆ ಹೊರಗಿನ ದೀಪ ಕೊಡುವಷ್ಟು ಬೆಳಕನ್ನು ಲುಮಿನಾಲ್‌ನಿಂದಲೇ ಹುಟ್ಟಿಸಬೇಕಾದರೆ ಚದರ ಸೆಂಟಿಮೀಟರಿಗೆ ಒಂಬತ್ತು ಗ್ರಾಮಿಗಿಂತ ಹೆಚ್ಚು ಬೇಕು. ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ ಎರಡು ಚಮಚದ ಹತ್ತಿರ!

ತಕ್ಷಣ ರಸಾಯನಶಾಸ್ತ್ರದವರು ಆಕ್ಷೇಪ ಎತ್ತುತ್ತಾರೆ, ನ್ಯಾಯವಾಗಿಯೇ. ಹೊರಗಿನ ದೀಪದ ಬೆಳಕಿನಲ್ಲಿ ಬಹುಪಾಲು ದಂಡ. ಔಷಧಿಯ ಅಣುವಿಗೆ ತಾಗುವುದು ತೀರಾ ಸ್ವಲ್ಪ. ಒಳಗಿನ ದೀಪವಾದರೋ ಪಕ್ಕದಲ್ಲೇ ಇದೆ, ಶಕ್ತಿ ನೇರ ಕೈಗೆ. ಹಾಗಾಗಿ ಇಷ್ಟು ಬೇಕಾಗಲ್ಲ, ಇದರ ಸಾವಿರದಲ್ಲೊಂದು ಪಾಲೂ ಸಾಕಾಗಬಹುದು. ಮಾತು ಒಪ್ಪಿದೆ. ಆದರೆ ಆ ಲೆಕ್ಕವನ್ನು ಯಾರಾದರೂ ಮಾಡಬೇಕಲ್ಲ? ಸ್ಟ್ಯಾನ್‌ಫರ್ಡ್‌ನ ಸಂಜೀವ್ ಗಂಭೀರ್ ತಂಡ 2006ರಲ್ಲಿ ಮಾಡಿತು. ಮಿಂಚುಹುಳುವಿನ ಜೀನ್ ಹಾಕಿದ ಕ್ಯಾನ್ಸರ್ ಕೋಶಗಳಲ್ಲಿ ಹುಟ್ಟುವ ಬೆಳಕು, ಆ ಕೋಶಗಳನ್ನು ಕೊಲ್ಲೋಕೆ ಸಾಲದು ಅನ್ನುವ ತೀರ್ಮಾನಕ್ಕೆ ಬಂತು. ಆಮೇಲೆ ಉತ್ತಮ ಅಣುಗಳು ಬಂದಿವೆ. 2017ರಲ್ಲಿ ಟೆಲ್ ಅವೀವ್‌ನ ಡೊರೊನ್ ಶಬಾತ್ ತಂಡ ನೀರಿನಲ್ಲೂ ಚೆನ್ನಾಗಿ ಹೊಳೆಯುವ ಡಯಾಕ್ಸಿಟೇನ್ ಅಣುಗಳನ್ನು ಮಾಡಿ, ಹೊಳಪನ್ನು ಸಾವಿರಾರು ಪಟ್ಟು ಹೆಚ್ಚಿಸಿತು. ಆಟ ಮುಗಿದಿಲ್ಲ. ಆದರೆ ಕೊಂದಿತು ಎಂದ 2003ರ ಫಲಿತಾಂಶ, ಸಾಲದು ಎಂದ 2006ರ ಫಲಿತಾಂಶ, ಎರಡನ್ನೂ ಪಕ್ಕಪಕ್ಕ ಇಟ್ಟ ಒಂದು ತಲೆಬರಹ ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಇನ್ನೊಂದು ಸಣ್ಣ ವಿಷಯ: ಆ ಎರಡೂ ಪ್ರಯೋಗಗಳಲ್ಲಿ ಕೋಶಗಳಿಗೆ ಮೊದಲೇ ಮಿಂಚುಹುಳುವಿನ ಜೀನ್ ಸೇರಿಸಿದ್ದರು. ನಿಮ್ಮ ಮಾವನ ಗಡ್ಡೆಯಲ್ಲಿ ಅದಿಲ್ಲ.

ಎರಡನೆಯ ಪ್ರಶ್ನೆ ನನಗೆ ಇನ್ನೂ ಮುಖ್ಯ. ಸ್ವಿಚ್ ಯಾರ ಕೈಲಿ? ಹೊರಗಿನ ದೀಪ ಡಾಕ್ಟರ ಕೈಲಿರುತ್ತೆ. ಎಲ್ಲಿ ಹಿಡಿಯಬೇಕು, ಎಷ್ಟು ಹೊತ್ತು, ಯಾವಾಗ ಆರಿಸಬೇಕು, ಎಲ್ಲ ಅವರ ತೀರ್ಮಾನ. ರೋಗಿ ನೋವು ಅಂದರೆ ನಿಲ್ಲಿಸಬಹುದು. ಒಳಗೆ ಬಿಟ್ಟ ರಾಸಾಯನಿಕ ದೀಪಕ್ಕೆ ಆ ಸ್ವಿಚ್ಚಿಲ್ಲ. ಎಲ್ಲಿ ಹೊತ್ತಿಕೊಳ್ಳಬೇಕು ಅನ್ನೋದನ್ನು ದೇಹದ ಯಾವುದೋ ಸೂಚನೆ ತೀರ್ಮಾನಿಸಬೇಕು. ಹಲವು ವಿನ್ಯಾಸಗಳು ನಂಬಿರೋದು ಹೈಡ್ರೋಜನ್ ಪೆರಾಕ್ಸೈಡನ್ನು. ಗಡ್ಡೆಯಲ್ಲಿ ಅದು ಹೆಚ್ಚಿರುತ್ತೆ ಅಂತ. ನಿಜ, ಇರುತ್ತೆ. ಆದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಅದನ್ನೇ ಉಗುಳೋದು. ಊದಿದ ಮಂಡಿಯಲ್ಲೂ, ನ್ಯುಮೋನಿಯಾ ಆದ ಶ್ವಾಸಕೋಶದಲ್ಲೂ ಇದ್ದೀತು. ಕ್ಯಾನ್ಸರಿನ ಮನೆಗೆ ಮಾತ್ರ ಹೊಂದುವ ಕೀಲಿ ಅಂತ ಕೊಟ್ಟರೆ, ಅದು ಬೀದಿಯ ನಾಲ್ಕಾರು ಮನೆಗೂ ಹೊಂದುತ್ತೆ.

ಇದರ ಅರ್ಥ ಏನು? ಈ ಚಿಕಿತ್ಸೆಯ ಮೂಲ ಬಂಡವಾಳವೇ ಗುರಿ. ದೀಪವನ್ನು ಒಳಗೆ ಹಾಕಿದ ಕೂಡಲೇ ಆ ಗುರಿಯನ್ನು ಡಾಕ್ಟರ ಕೈಯಿಂದ ಕಿತ್ತು ರಾಸಾಯನಿಕಕ್ಕೆ ಕೊಟ್ಟಿರಿ. ಈಗ ಅದು ಕೀಮೋಥೆರಪಿಯ ಹಳೇ ತಲೆನೋವನ್ನೇ ಎದುರಿಸಬೇಕು: ಕೆಟ್ಟ ಕೋಶವನ್ನು ಒಳ್ಳೇ ಕೋಶದಿಂದ ಬೇರೆ ಮಾಡಿ ಗುರುತಿಸೋದು ಹೇಗೆ? ಆಳದ ಸಮಸ್ಯೆ ಬಗೆಹರಿಸಿದೆವು ಅನ್ನುವವರು, ಅದರ ಬದಲಿಗೆ ಗುರಿಯ ಸಮಸ್ಯೆ ಕೊಂಡುತಂದದ್ದನ್ನು ಹೇಳಲ್ಲ. ಇನ್ನು ಆಮ್ಲಜನಕ. ಕೊಲ್ಲುವ ಕೆಲಸಕ್ಕೆ ಅದು ಬೇಕು; ಮಿಂಚುಹುಳುವಿನ ದೀಪ ಉರಿಯೋಕೂ ಅದೇ ಬೇಕು. ದೊಡ್ಡ ಗಡ್ಡೆಗಳ ಒಳಗಂತೂ ರಕ್ತ ಸರಿಯಾಗಿ ಹರಿಯದೆ ಆಮ್ಲಜನಕಕ್ಕೇ ಬರ. ಒಂದೇ ಟ್ಯಾಂಕರ್ ನೀರಿಗೆ ಎರಡು ಅಪಾರ್ಟ್‌ಮೆಂಟು ಪೈಪ್ ಹಾಕಿದಂಗೆ.

ಬೆಳಕು ತಲುಪದಿರೋದೇ ಏಕೈಕ ಅಡ್ಡಿ ಅನ್ನೋದೂ ಅರ್ಧಸತ್ಯ. ಇಸ್ರೇಲಿನ ವೈಜ್ಮನ್ ಸಂಸ್ಥೆಯಲ್ಲಿ ಹುಟ್ಟಿದ ಪ್ಯಾಡೆಲಿಪಾರ್ಫಿನ್ ಎಂಬ ಔಷಧಿಗೆ ಬೆಳಕು ತಲುಪಿಸೋಕೆ ಪ್ರಾಸ್ಟೇಟ್ ಗ್ರಂಥಿಯೊಳಕ್ಕೇ ತೆಳು ಫೈಬರುಗಳನ್ನು ಚುಚ್ಚುತ್ತಾರೆ. ಆಳಕ್ಕೆ ದಾರಿ ಸಿಕ್ಕಿತು. 2017ರಲ್ಲಿ ಯುರೋಪು ಒಪ್ಪಿತು. 2020ರಲ್ಲಿ ಅಮೆರಿಕದ ಎಫ್‌ಡಿಎ ಸಲಹಾ ಸಮಿತಿ ಬಹುಮತದಿಂದ ಬೇಡ ಅಂದಿತು. ಅಲ್ಲಿ ತಕರಾರು ಬೆಳಕಿನದಲ್ಲ. ಇಷ್ಟು ನಿಧಾನದ, ಕಮ್ಮಿ ಅಪಾಯದ ಕ್ಯಾನ್ಸರನ್ನು ಬರೀ ಗಮನಿಸ್ತಾ ಇದ್ದರೂ ಸಾಕಾಗುವಾಗ, ಈ ಚಿಕಿತ್ಸೆಯಿಂದ ರೋಗಿಗೆ ನಿಜಕ್ಕೂ ಏನು ಲಾಭ ಅನ್ನೋದು. ಇಂಥ ಪ್ರಶ್ನೆಗೆ ಯಾವ ಮಿಂಚುಹುಳವೂ ಉತ್ತರ ಕೊಡಲ್ಲ.

"ಹಾಗಾದ್ರೆ ಮೂಲ ಸಂಶೋಧನೆ ನಿಲ್ಲಿಸಿಬಿಡ್ಬೇಕಾ?" ಅಂತ ನೀವು ಕೇಳಬಹುದು. ಖಂಡಿತ ಬೇಡ. ರಾಬ್ ಕ್ಯಾನ್ಸರಿಗೆ ಔಷಧಿ ಹುಡುಕುತ್ತಿರಲಿಲ್ಲ. ಕತ್ತಲಲ್ಲಿ ಶಕ್ತಿ ದಾಟುವ ಕತೆ ಗೊತ್ತಿಲ್ಲದಿದ್ದರೆ, ಬಿಸಿಲು ತಗ್ಗಿದ ಮೇಲೂ ಚರ್ಮ ಹಾಳಾಗೋದು ಯಾಕೆ ಅಂತ ಗೊತ್ತಾಗ್ತಿರಲಿಲ್ಲ. ನಮ್ಮ ಬೆಂಗಳೂರಿನಲ್ಲೇ, ಐಐಎಸ್‌ಸಿಯಲ್ಲಿ ಅಖಿಲ್ ಚಕ್ರವರ್ತಿಯವರ ತಂಡ ಬೆಳಕಿಗೆ ಎಚ್ಚರವಾಗುವ ಲೋಹದ ಸಂಯುಕ್ತಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅರಿಶಿನದ ಕರ್ಕ್ಯುಮಿನ್‌ಗೆ ಪ್ಲಾಟಿನಂ ಕಟ್ಟಿ, ಕತ್ತಲಲ್ಲಿ ಗಟ್ಟಿಯಾಗಿರುವ, ಬೆಳಕು ಬಿದ್ದಾಗ ಬಿಚ್ಚಿಕೊಳ್ಳುವ ಅಣು ಮಾಡಿ, ಲ್ಯಾಬಿನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದರು. ಒಳ್ಳೇ ವಿಜ್ಞಾನ. ಇಂಥದ್ದು ಫಾರ್ವರ್ಡಿನ ಕೈಗೆ ಸಿಕ್ಕರೆ ಏನಾಗುತ್ತೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಪ್ಲಾಟಿನಂ ಬಿದ್ದುಹೋಗುತ್ತೆ, ಬೆಳಕು ಬಿದ್ದುಹೋಗುತ್ತೆ, ಗಾಜಿನ ತಟ್ಟೆ ಬಿದ್ದುಹೋಗುತ್ತೆ. ಉಳಿಯೋದು ಅರಿಶಿನದ ಹಾಲು. ಅದನ್ನು ಕುಡೀತಾ ಆಪರೇಷನ್ ಮುಂದೂಡಿದ ಮನೆಯವರಿಗೆ ಆ ಫಾರ್ವರ್ಡ್ ಮಾಡಿದವರು ಏನು ಹೇಳ್ತಾರೆ?

ಈಗ ಮೂರನೆಯ ಪ್ರಶ್ನೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಯಾವುದು? ಬಾಯಿಯದು. ಗ್ಲೋಬೊಕ್ಯಾನ್ 2022ರ ಅಂದಾಜಿನಲ್ಲಿ ಗಂಡಸರು, ಹೆಂಗಸರು ಸೇರಿ ವರ್ಷಕ್ಕೆ 1.4 ಲಕ್ಷದಷ್ಟು ಹೊಸ ರೋಗಿಗಳು. ಲಿವರಿನ ಆಳವಲ್ಲ, ಮೆದುಳಿನ ಮೂಲೆಯಲ್ಲ. ಬಾಯಿ ಆ ಅಂದರೆ ಕಾಣುವ ಜಾಗ. ಇಲ್ಲಿ ಬೆಳಕು ತಲುಪಲ್ಲ ಅನ್ನೋ ಸಮಸ್ಯೆಯೇ ಇಲ್ಲ. ಹತ್ತು ರೂಪಾಯಿ ಟೀ ಕುಡಿಯುವ ಅಂಗಡಿಯಲ್ಲೇ ಅದರ ಬೀಜ ನೇತಾಡ್ತಿರುತ್ತೆ, ಬಣ್ಣದ ಸರದ ಹಾಗೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು; ಪಾನ್ ಮಸಾಲ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟು ಆಯಿತು, ಬೆರೆಸಿಕೊಳ್ಳುವ ಕೆಲಸ ಗಿರಾಕಿಯದ್ದಾಯಿತು. ಅಡಿಕೆಯೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಆ ಮಾತನ್ನು ಜೋರಾಗಿ ಆಡೋಕೆ ನಮಗೆ ಮುಜುಗರ, ಯಾಕಂದರೆ ನಮ್ಮಲ್ಲಿ ಎಷ್ಟೋ ಜನರ ಫೀಸು ಕಟ್ಟಿದ್ದು ತೋಟ.

ಬಾಯಿಯ ಕ್ಯಾನ್ಸರಿಗೆ ಬೆಳಕು ಏನು ಮಾಡಬಲ್ಲದು? ಎರಡು ಉದಾಹರಣೆ ಕೊಡ್ತೀನಿ. ಒಂದು, ತಿರುವನಂತಪುರದ್ದು. 1996ರಲ್ಲಿ ಶುರುವಾದ ದೊಡ್ಡ ಪ್ರಯೋಗ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕು ಹಿಡಿದು ಜನರ ಬಾಯಿ ನೋಡಿದರು, ಅನುಮಾನ ಬಂದವರನ್ನು ವೈದ್ಯರ ಹತ್ತಿರ ಕಳಿಸಿದರು. ಅಷ್ಟೇ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ: ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಇಳಿದಿತ್ತು. ಅಣುವಿನ ಟಾರ್ಚಲ್ಲ, ಮಾಮೂಲಿ ಬೆಳಕು.

ಎರಡನೆಯದು ಅಲಿಗಢದ್ದು. ಬೋಸ್ಟನ್ನಿನ ತಯ್ಯಬಾ ಹಸನ್ ಮತ್ತು ಜೊನಾಥನ್ ಸೆಲ್ಲಿ ಅವರ ತಂಡಗಳು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ವೈದ್ಯರ ಜೊತೆ ಸೇರಿ, ಬ್ಯಾಟರಿಯಲ್ಲಿ ನಡೆಯುವ, ಎಲ್ಇಡಿಯ, ಕಮ್ಮಿ ಖರ್ಚಿನ ಸಾಧನ ಮಾಡಿದರು. ಶುರುವಿನ ಹಂತದ ಬಾಯಿ ಕ್ಯಾನ್ಸರ್ ಇದ್ದ ಸುಮಾರು 30 ರೋಗಿಗಳಿಗೆ 5-ಎಎಲ್ಎ ಕುಡಿಸಿ, ಬಾಯೊಳಗೆ ಕೆಂಪು ಬೆಳಕು ಬಿಟ್ಟರು. ಗಡ್ಡೆ ಎಲ್ಲಿದೆ ಅಂತ ನೋಡೋಕೆ ಸ್ಮಾರ್ಟ್‌ಫೋನಿನ ಕ್ಯಾಮೆರಾ. 2022ರಲ್ಲಿ ಪ್ರಕಟವಾದ ವರದಿ ಭರವಸೆ ಹುಟ್ಟಿಸುವಂಥದ್ದು. ಇದಕ್ಕೂ ನನ್ನ ಅದೇ ಪ್ರಶ್ನೆಗಳನ್ನು ಕೇಳಬೇಕಲ್ಲ, ಕೇಳ್ತೀನಿ: ಪ್ರಯೋಗ ಸಣ್ಣದು, ಹೋಲಿಸೋಕೆ ಇನ್ನೊಂದು ಗುಂಪಿಲ್ಲ. ಶುರುವಿನ ಹಂತದಲ್ಲೂ ಇವತ್ತಿಗೆ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ; ಇದನ್ನು ಓದಿ ಯಾರೂ ಅದನ್ನು ಬಿಡಬಾರದು. ಆದರೆ ಇಲ್ಲಿ ಆಳದ ಸಮಸ್ಯೆ ಇಲ್ಲ, ಲೆಕ್ಕ ಸಿಗುತ್ತೆ, ಸ್ವಿಚ್ ಡಾಕ್ಟರ ಕೈಲಿದೆ, ಕರೆಂಟ್ ಕೈಕೊಡುವ ಊರಲ್ಲೂ ನಡೆಯುತ್ತೆ. ಇದನ್ನು ನೂರು ಪಟ್ಟು ದೊಡ್ಡದಾಗಿ, ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿ ಮಾಡಿ ನೋಡಿ ಅಂತ ಎಷ್ಟು ಜನ ಕೇಳಿದರು? ಇದು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿತ್ತಾ?

ಬರಲ್ಲ. ಯಾಕಂದರೆ ಇದರಲ್ಲಿ ಚಮತ್ಕಾರ ಇಲ್ಲ. ಅಲಿಗಢದ ಆಸ್ಪತ್ರೆಯಲ್ಲಿ ಬಾಯಿ ತೆರೆದು ಕೂತ ಬಡವನ ಚಿತ್ರಕ್ಕೆ ಕಡುನೀಲಿ ಹಿನ್ನೆಲೆ ಹೊಂದಲ್ಲ. ನಮಗೆ ಬೇಕಾದದ್ದು ಕಷ್ಟವಿಲ್ಲದೆ, ಯಾರ ಅಭ್ಯಾಸವೂ ಬದಲಾಗದೆ, ಯಾವ ಅಂಗಡಿಯ ಸರವೂ ಇಳಿಯದೆ, ಒಂದು ಅಣು ಬಂದು ಎಲ್ಲ ಸರಿಮಾಡಿಬಿಡುವ ಸುದ್ದಿ. ಅಂಥ ಸುದ್ದಿಗೆ ನಾವು ಕೊಡುವ ಪ್ರತಿ ಕ್ಲಿಕ್ಕೂ ಒಂದು ಓಟು. ಸುದ್ದಿಮನೆ ಅದನ್ನು ಎಣಿಸುತ್ತೆ, ಪ್ರಕಟಣೆ ಬರೆಯುವ ವಿಶ್ವವಿದ್ಯಾಲಯವೂ ಎಣಿಸುತ್ತೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ಬೆಳಕಿಲ್ಲದೆ ಕ್ಯಾನ್ಸರ್ ಕೊಲ್ಲುವ ಅಣುವಿನ ಸುದ್ದಿ ಬಂದಾಗ, ಫಾರ್ವರ್ಡ್ ಒತ್ತುವ ಮುಂಚೆ ನಾಲ್ಕು ವಿಷಯ ಹುಡುಕಿ. ಸತ್ತದ್ದು ಗಾಜಿನ ತಟ್ಟೆಯ ಕೋಶವಾ, ಇಲಿಯ ಗಡ್ಡೆಯಾ, ಮನುಷ್ಯನ ಗಡ್ಡೆಯಾ? ಇಲಿಯಾದರೆ, ಚರ್ಮದ ಕೆಳಗೇ ಇಟ್ಟ ಗಡ್ಡೆಯಾ, ನಿಜವಾಗಿ ಆಳದಲ್ಲಿದ್ದದ್ದಾ? ಗಡ್ಡೆ ಬಿಟ್ಟು ಬೇರೆಲ್ಲಿ ಹೊತ್ತಿಕೊಂಡಿತು, ನೋಡಿದ್ದಾರಾ? ಈಗಿರುವ ಚಿಕಿತ್ಸೆಯ ಜೊತೆ ಹೋಲಿಸಿದ್ದಾರಾ? ನಾಲ್ಕಕ್ಕೂ ಉತ್ತರ ಸಿಗದಿದ್ದರೆ ಅದು ಒಳ್ಳೆಯ ರಸಾಯನಶಾಸ್ತ್ರ ಇರಬಹುದು, ಚಿಕಿತ್ಸೆಯ ಸುದ್ದಿ ಅಲ್ಲ. ಊರಿಂದ ಫೋನ್ ಬಂದರೆ ಹಾಗೇ ಹೇಳಿ, ಗಟ್ಟಿಯಾಗಿ ಹೇಳಿ. ಸುಳ್ಳು ಆಸೆಗಿಂತ ಅದು ದೊಡ್ಡ ಉಪಕಾರ.

ಆಮೇಲೆ ಅದೇ ಫೋನಿನಲ್ಲಿ ಇನ್ನೊಂದು ಮಾತು ಕೇಳಿ. ಮನೆಯಲ್ಲಿ ಎಲೆಯಡಿಕೆ, ತಂಬಾಕು, ಗುಟ್ಕಾ ಹಾಕೋರು ಯಾರಿದ್ದಾರೆ? ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ? ಎರಡು ವಾರ ಕಳೆದರೂ ಮಾಯದ ಹುಣ್ಣಿದೆಯಾ? ಬಾಯಿ ಮೊದಲಿನಷ್ಟು ತೆರೆಯೋಕಾಗ್ತಿಲ್ವಾ? ಇದ್ದರೆ ದಂತವೈದ್ಯರ ಹತ್ತಿರ ಈ ವಾರವೇ ಕರೆದುಕೊಂಡು ಹೋಗಿ ಅನ್ನಿ. ಹಬ್ಬಕ್ಕೆ ಊರಿಗೆ ಹೋದಾಗ ನೀವೇ ಫೋನಿನ ಟಾರ್ಚ್ ಹಚ್ಚಿ ನೋಡಿ. ಮಾವ ಬೈಯಬಹುದು, "ನೀನ್ಯಾವಾಗ್ಲೋ ಡಾಕ್ಟ್ರಾಗಿದ್ದು?" ಅಂತ ನಗಬಹುದು. ನಗಲಿ ಬಿಡಿ, ಬಾಯಿ ತೆರೀತಾರಲ್ಲ.